ಮಾಡಿನ ನೀರು

ಮಾವ: ಬೆಂಗಳೂರಿನವರು ಮಳೆನೀರು ಹಿಡೀತಾರೆ ಅಂತ ಪೇಪರಿನಲ್ಲಿ ಓದಿದಾಗೆಲ್ಲ ನನಗೆ ನಗು ಬರ್ತದೆ. ಹಿಡಿಯಲಿಕ್ಕೆ ಅಲ್ಲಿ ಮಳೆ ಎಲ್ಲಿ ಉಂಟು ಮಾರಾಯ್ತಿ? ಇಲ್ಲಿ ಮಂಗಳೂರಿನ ಬದಿಯಲ್ಲಿ ಜುಲೈ ಒಂದು ತಿಂಗಳಲ್ಲಿ ಹೊಯ್ಯುವಷ್ಟು ನಿಮಗೆ ಇಡೀ ವರ್ಷಕ್ಕೆ ಇಲ್ಲ.

ಸೊಸೆ: ಇಲ್ಲ, ಒಪ್ಪಿದೆ. ನಮಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್. ನಿಮಗೆ ಸುಮಾರು 4000. ಆದರೂ ಮಳೆನೀರಿನಿಂದ ಮನೆಗೆ ಹೆಚ್ಚು ಉಪಯೋಗ ಆಗೋದು ನನಗೇ, ನಿಮಗಲ್ಲ.

ಮಾವ: ಇದು ಯಾವ ಶಾಲೆಯ ಗಣಿತ?

ಸೊಸೆ: ಗಣಿತ ಸುಲಭದ್ದೇ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಈ ಮನೆಯ ಮಾಡು ನೆಲದ ಅಳತೆಯಲ್ಲಿ ಸುಮಾರು ಒಂದೂವರೆ ಸಾವಿರ ಚದರಡಿ, ಅಂದರೆ 140 ಚದರ ಮೀಟರ್. ಹಂಚಿನ ಇಳಿಜಾರನ್ನು ಲೆಕ್ಕಕ್ಕೆ ಹಿಡೀಬೇಡಿ, ಮೇಲಿನಿಂದ ನೋಡಿದಾಗ ಎಷ್ಟು ಅಗಲ ಕಾಣುತ್ತೋ ಅಷ್ಟೇ. 140ನ್ನು 4000ದಿಂದ ಗುಣಿಸಿದರೆ 5 ಲಕ್ಷ 60 ಸಾವಿರ ಲೀಟರ್. ಹಾರಿ ಹೋಗೋದು, ಹಂಚು ಕುಡಿಯೋದು, ಮಾಡಿನಂಚಿನ ದೋಣಿ ತುಂಬಿ ಚೆಲ್ಲೋದು ಅಂತ ಐದನೇ ಒಂದು ಪಾಲು ಬಿಟ್ಟರೂ ನಾಲ್ಕೂವರೆ ಲಕ್ಷ ಲೀಟರ್ ಆಗುತ್ತೆ.

ಮಾವ: ನೋಡಿದೆಯಾ! ನಮಗೆ ವರ್ಷಕ್ಕೆ ಎಷ್ಟು ಬೇಕು?

ಸೊಸೆ: ಐದು ಜನ. ನಗರದ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್. ಹಳ್ಳಿಗೆ ಜಲಜೀವನ್ ಮಿಷನ್ ಇಟ್ಟುಕೊಂಡಿರೋದು 55. ನಿಮ್ಮ ಹಂಡೆ ಸ್ನಾನ ನೋಡಿದ ಮೇಲೆ 55 ಸಾಲದು ಅನ್ನಿಸುತ್ತೆ, 135ನ್ನೇ ಹಿಡಿಯೋಣ. ದಿನಕ್ಕೆ 675 ಲೀಟರ್, ವರ್ಷಕ್ಕೆ ಎರಡೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ.

ಮಾವ: ಬೇಕಾದ್ದರ ಹತ್ತಿರಹತ್ತಿರ ಎರಡು ಪಾಲು ಮಾಡಿನ ಮೇಲೆಯೇ ಬೀಳ್ತದೆ. ಮತ್ತೆ ನಿನ್ನದೆಂತ ತಕರಾರು?

ಸೊಸೆ: ಅದು ಬೀಳೋದು ಯಾವಾಗ? ಮುಕ್ಕಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ನಿಮ್ಮ ಬಾವಿ ಬಗ್ಗಿದರೆ ಕೈಗೆ ಸಿಗುವಷ್ಟು ತುಂಬಿರುತ್ತೆ, ತೋಟದಲ್ಲಿ ಕೆಸರು, ಅಂಗಳದಲ್ಲಿ ಪಾಚಿ. ಮಳೆ ಬರುವಾಗ ನಿಮಗೆ ನೀರು ಬೇಡ. ನೀರು ಬೇಕಾಗೋದು ನವೆಂಬರ್ ಕಳೆದ ಮೇಲೆ, ಅದರಲ್ಲೂ ಏಪ್ರಿಲ್, ಮೇ. ಆಗ ಮಳೆ ಇಲ್ಲ. ನಡುವೆ ಹೆಚ್ಚುಕಡಿಮೆ ಆರು ತಿಂಗಳು. 180 ದಿನಕ್ಕೆ 675ರಂತೆ ಒಂದು ಲಕ್ಷ ಇಪ್ಪತ್ತು ಸಾವಿರ ಲೀಟರ್ ಕೂಡಿಡಬೇಕು. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ, ಎರಡು ಮೀಟರ್ ಆಳದ ಟ್ಯಾಂಕು. ಅಡಿಕೆ ಒಣಗಿಸುವ ಅಂಗಳದಲ್ಲಿ ಅದನ್ನು ಕಟ್ಟಲಿಕ್ಕೆ ಅತ್ತೆ ಬಿಡ್ತಾರಾ?

ಮಾವ: ಅಂಗಳದ ಮಾತು ತೆಗೀಬೇಡ. ನಿನ್ನ ಬೆಂಗಳೂರಿನ ಕತೆ ಹೇಳು.

ಸೊಸೆ: ನಮ್ಮದು ಮೂವತ್ತು ನಲವತ್ತರ ಸೈಟು. ತಾರಸಿ 900 ಚದರಡಿ, 84 ಚದರ ಮೀಟರ್. ವರ್ಷಕ್ಕೆ ಸಿಗೋದು ಸುಮಾರು 65 ಸಾವಿರ ಲೀಟರ್. ನಾಲ್ಕು ಜನಕ್ಕೆ ಅದು ನಾಲ್ಕು ತಿಂಗಳ ನೀರು, ಅಷ್ಟೇ. ಆದರೆ ನಮ್ಮ ಮಳೆ ನಿಮ್ಮದರ ಹಾಗೆ ಒಂದೇ ಸಲ ಸುರಿದು ಹೋಗೋದಲ್ಲ. ಏಪ್ರಿಲ್‌ನಲ್ಲಿ ಶುರು. ಮೇ ತಿಂಗಳಲ್ಲಿ ಗುಡುಗಿನ ಮಳೆ ಜೋರು. ಆಮೇಲೆ ಸ್ವಲ್ಪ ಇಳಿಯುತ್ತೆ, ಆಗಸ್ಟ್ ಸೆಪ್ಟೆಂಬರಿನಲ್ಲಿ ಮತ್ತೆ ಏರುತ್ತೆ, ಅಕ್ಟೋಬರ್ ದಾಟಿ ನವೆಂಬರ್‌ವರೆಗೂ ಬರ್ತಾ ಇರುತ್ತೆ. ಒಂದು ಸಂಜೆ 50 ಮಿಲಿಮೀಟರ್ ಸುರಿದರೆ ಮೂರು ಸಾವಿರಕ್ಕೂ ಹೆಚ್ಚು ಲೀಟರ್ ಸಂಪಿಗೆ ಬರುತ್ತೆ. ಅದು ಖರ್ಚಾಗೋ ಹೊತ್ತಿಗೆ ಇನ್ನೊಂದು ಮಳೆ. ಆರು ಸಾವಿರ ಲೀಟರಿನ ಸಂಪು ವರ್ಷದಲ್ಲಿ ಹತ್ತು ಸಲ ತುಂಬಿ ಹತ್ತು ಸಲ ಖಾಲಿಯಾದರೆ ನನಗೆ ಸಿಕ್ಕ ನೀರು ಅರವತ್ತು ಸಾವಿರ. ಅಷ್ಟು ದಿನವೂ ನನಗೆ ನೀರಿನ ಅವಶ್ಯಕತೆ ಇದ್ದೇ ಇರುತ್ತೆ. ತುಂಬಿದ ಬಾವಿ ನಮ್ಮಲ್ಲಿ ಯಾರ ಮನೇಲಿದೆ?

ಮಾವ: ಹಾಗಾದರೆ ಮಳೆ ಎಷ್ಟು ಬರ್ತದೆ ಅಂತ ಕೇಳುವುದಲ್ಲ, ಎಷ್ಟು ದಿನ ಬರುವುದಿಲ್ಲ ಅಂತ ಕೇಳಬೇಕು.

ಸೊಸೆ: ಅದೇ ಮಾವ. ವಿಜಯನಗರದಲ್ಲಿ ಎ. ಆರ್. ಶಿವಕುಮಾರ್ ಅವರ ಮನೆ ಇದೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಮಳೆಕೊಯ್ಲಿನ ಕೆಲಸ ಮಾಡಿದವರು. ತೊಂಬತ್ತರ ದಶಕದಲ್ಲಿ ಕಟ್ಟಿದ ಆ ಮನೆ ಜಲಮಂಡಳಿಯ ನಲ್ಲಿ ಇಲ್ಲದೆಯೇ ನಡೆದುಕೊಂಡು ಬಂತು. ಅವರು ಮೊದಲು ಮಾಡಿದ್ದೇನು ಗೊತ್ತಾ? ಬೆಂಗಳೂರಿನ ಹಳೆಯ ಮಳೆ ದಾಖಲೆ ತೆಗೆದು, ಒಂದು ಒಳ್ಳೆಯ ಮಳೆಗೂ ಮುಂದಿನದಕ್ಕೂ ನಡುವೆ ಅತಿ ಹೆಚ್ಚು ಅಂದರೆ ಎಷ್ಟು ದಿನ ಅಂತ ಹುಡುಕಿದ್ದು. ನೂರು ದಿನದ ಆಸುಪಾಸು ಸಿಕ್ಕಿತು. ಮನೆಗೆ ದಿನಕ್ಕೆ ಬೇಕಾದ್ದು 400 ಲೀಟರ್. ನೂರು ದಿನಕ್ಕೆ 40 ಸಾವಿರ. ಟ್ಯಾಂಕುಗಳ ಒಟ್ಟು ಅಳತೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಬೇರೆ ರಹಸ್ಯ ಏನೂ ಇಲ್ಲ.

ಮಾವ: ನೂರು ದಿನ ನಿಮಗೆ, ನೂರ ಎಂಬತ್ತು ನಮಗೆ. ನಾಲ್ಕು ಪಟ್ಟು ಮಳೆ ಬಂದೂ ಸೋತದ್ದು ನಾವು. ಆದರೆ ಅಲ್ಲಿಯೂ ಎಲ್ಲರೂ ಅಂಥ ಮನೆ ಕಟ್ಟಿಲ್ಲ ಅಲ್ಲವಾ? 2024ರ ಬೇಸಿಗೆಯಲ್ಲಿ ನಿನ್ನ ಅಮ್ಮ ಫೋನು ಮಾಡಿದಾಗೆಲ್ಲ ಟ್ಯಾಂಕರಿನ ಸುದ್ದಿಯೇ.

ಸೊಸೆ: ಟ್ಯಾಂಕರು ಬಂತಾ, ಎಷ್ಟು ಕೇಳಿದ, ಪಕ್ಕದವರಿಗೆ ಎಷ್ಟಕ್ಕೆ ಹಾಕಿದ. ನಮ್ಮ ರಸ್ತೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕಾನೂನು 2009ರಿಂದ ಇದೆ. ಹೊಸದಾಗಿ ಕಟ್ಟೋರಿಗೆ ಮೂವತ್ತು ನಲವತ್ತರ ಸೈಟಾದರೂ ಮಳೆಕೊಯ್ಲು ಕಡ್ಡಾಯ. ಜಯನಗರದಲ್ಲಿ ಜಲಮಂಡಳಿಯೇ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನಲ್ಲಿ ಒಂದು ಮಳೆನೀರು ಉದ್ಯಾನ ಮಾಡಿ ಎಲ್ಲ ಮಾದರಿಗಳನ್ನೂ ಕಣ್ಣಿಗೆ ಕಾಣುವಂತೆ ಇಟ್ಟಿದೆ. ಆದರೂ ಜನ ಮಾಡೋದೇನು? ನೋಟಿಸು ಬರದೇ ಇರಲಿ ಅಂತ ಗೇಟಿನ ಹತ್ತಿರ ಒಂದು ಗುಂಡಿ ತೋಡಿ, ಎರಡು ಬುಟ್ಟಿ ಜಲ್ಲಿ ಸುರಿದು, ತಾರಸಿಯ ಪೈಪನ್ನು ಅದಕ್ಕೆ ತಿರುಗಿಸಿ ಫೋಟೋ ತೆಗೆಸೋದು. ಎರಡು ಮಳೆಗಾಲ ಕಳೆದರೆ ಅದು ಕಸದ ಗುಂಡಿ.

ಮಾವ: ಗುಂಡಿ ಬೇಡವಾ ಹಾಗಾದರೆ?

ಸೊಸೆ: ಸರಿಯಾಗಿ ಮಾಡಿದರೆ ಬೇಕು, ಅದು ಊರಿಗೆ ಒಳ್ಳೇದು. ಆದರೆ ಮೊದಲು ಸಂಪು. ನೀರನ್ನು ನೆಲಕ್ಕೆ ಇಂಗಿಸಿ, ಆಮೇಲೆ ಸಾವಿರ ಅಡಿ ಬೋರ್ ಕೊರೆಸಿ, ಕರೆಂಟು ಸುಟ್ಟು ಮೇಲೆತ್ತಿ, ಗಡಸು ನೀರು ಅಂತ ಬೈದುಕೊಂಡು ಮತ್ತೆ ಮೆದುಗೊಳಿಸೋ ಯಂತ್ರ ಹಾಕಿಸೋದು ಯಾಕೆ? ತಾರಸಿಯಿಂದ ಮೆದುವಾಗಿಯೇ ಇಳಿದು ಬಂದಿತ್ತಲ್ಲ. ಅದನ್ನೇ ಬಳಸಿ, ಮಿಕ್ಕಿದ್ದನ್ನು ಇಂಗಿಸಬೇಕು. ನಗರದ ಚರಿತ್ರೆ ನೋಡಿ. 1896ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಒಂದೊಂದು ಸಲವೂ ಇನ್ನಷ್ಟು ದೂರ. ಈಗ ನೂರು ಕಿಲೋಮೀಟರ್ ಆಚೆಯಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪು ಹೊಡೆದ ನೀರು ನಮ್ಮ ಸಂಪಿಗೆ ಬೀಳುತ್ತೆ. ಅದೇ ಹೊತ್ತಿಗೆ ತಾರಸಿ ನೀರು ಮೋರಿಗೆ ಹೋಗುತ್ತೆ.

ಮಾವ: ಒಂದೇ ಸಂಪಿಗೆ ಎರಡೂ ಬಿಡಬಹುದಲ್ಲ.

ಸೊಸೆ: ಬಿಡಬಹುದು. ತುಂಬ ಜನ ಎಡವೋದೂ ಅಲ್ಲಿಯೇ. ಕಾವೇರಿ ನೀರು ಬಂದಾಗ ಸಂಪು ಕುತ್ತಿಗೆವರೆಗೆ ತುಂಬಿಸಿಕೊಂಡು ನೆಮ್ಮದಿಯಾಗಿರ್ತಾರೆ. ಸಂಜೆ ಮಳೆ ಬಂದರೆ ಹಿಡಿಯೋಕೆ ಜಾಗವೇ ಇಲ್ಲ, ಪೂರ್ತಿ ಹೊರಗೆ ಹರಿದುಹೋಗುತ್ತೆ. ಆಮೇಲೆ "ಮಳೆಕೊಯ್ಲು ಮಾಡಿಸಿದ್ವಿ, ಏನೂ ಪ್ರಯೋಜನ ಆಗಲಿಲ್ಲ" ಅಂತಾರೆ. ಮಳೆಗಾಲದಲ್ಲಿ ಬಾಲ್ ವಾಲ್ವ್ ಕೆಳಗಿಳಿಸಿ, ಸಂಪಿನ ಅರ್ಧಕ್ಕೆ ನಲ್ಲಿ ನೀರು ನಿಲ್ಲುವ ಹಾಗೆ ಮಾಡಿದರೆ ಮೇಲಿನ ಅರ್ಧ ಮಳೆಗೆ. ಹತ್ತು ನಿಮಿಷದ ಕೆಲಸ, ಪ್ಲಂಬರ್ ಕೂಡ ಬೇಡ.

ಮಾವ: ಖಾಲಿ ಇಟ್ಟವನಿಗೆ ಲಾಭ. ನಿನ್ನ ಅಜ್ಜಿಗೆ ಇದನ್ನು ಹೇಳಿದ್ದರೆ ಸೌಟಿನಲ್ಲಿ ಹೊಡೀತಿದ್ದರು. ಅವರಿಗೆ ಮನೆಯಲ್ಲಿ ಒಂದು ಪಾತ್ರೆ ಖಾಲಿ ಕಾಣಬಾರದು.

ಸೊಸೆ: ಅಜ್ಜಿ ಮಾಡಿನ ನೀರು ಹಿಡೀತಿದ್ದರಾ?

ಮಾವ: ಹಿಡಿಯದೆ? ಅಡಿಕೆ ಮರ ಸೀಳಿ, ತಿರುಳು ತೆಗೆದು ದಂಬೆ ಮಾಡಿ ಮಾಡಿನ ಅಂಚಿಗೆ ಕಟ್ಟುವುದು. ಕೆಳಗೆ ಹಂಡೆ, ಕೊಪ್ಪರಿಗೆ. ಆ ನೀರಿನಲ್ಲಿ ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಹಟ್ಟಿ ತೊಳೆಯುವುದು. ಕುಡಿಯಲಿಕ್ಕೆ ಮಾತ್ರ ಬಾವಿಯದ್ದೇ. ಮಾಡಿನ ನೀರು ಕುಡಿಯಲಿಕ್ಕೆ ಅಲ್ಲ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನನಗೂ ಹಾಗೆಯೇ.

ಸೊಸೆ: ನಾನು ಅದರ ಉಲ್ಟಾ ಹೇಳ್ತೀನಿ. ಈ ಮನೆಯಲ್ಲಿ ಮಳೆನೀರನ್ನು ಹಿಡಿದರೆ ಕುಡಿಯೋಕೆ, ಅಡುಗೆಗೆ ಮಾತ್ರ ಹಿಡೀರಿ. ಬೇರೆ ಯಾವುದಕ್ಕೂ ಕೂಡಿಡೋದು ಬೇಡ.

ಮಾವ: ಅದೆಂತ?

ಸೊಸೆ: ಲೆಕ್ಕ ಅಲ್ಲಿಗೇ ಹೋಗುತ್ತೆ. ಐದು ಜನರಿಗೆ ಕುಡಿಯೋಕೆ, ಅನ್ನ ಸಾರಿಗೆ ದಿನಕ್ಕೆ 40 ಲೀಟರ್ ಸಾಕು. 180 ದಿನಕ್ಕೆ 7,200. ಮೇ ತಿಂಗಳಲ್ಲಿ ನಾವೆಲ್ಲ ಮಕ್ಕಳ ಸಮೇತ ಬಂದು ಬೀಳ್ತೀವಿ ಅಂತ ಸ್ವಲ್ಪ ಸೇರಿಸಿ, ಹತ್ತು ಸಾವಿರ. ಎರಡೂವರೆ ಮೀಟರ್ ಅಡ್ಡಗಲ, ಎರಡು ಮೀಟರ್ ಎತ್ತರದ ಒಂದು ದುಂಡು ಟ್ಯಾಂಕು. ಕೋಳಿಜಾಲರಿಗೆ ಸಿಮೆಂಟು ಮೆತ್ತಿ ಮಾಡುವ ಫೆರೋಸಿಮೆಂಟಿನದ್ದು ಸಾಕು. ಒಂದು ಲಕ್ಷ ಇಪ್ಪತ್ತು ಸಾವಿರ ಎಲ್ಲಿ, ಹತ್ತು ಸಾವಿರ ಎಲ್ಲಿ. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಇದನ್ನೇ ಮಾಡಿದ್ದು. ಅಲ್ಲಿಯೂ ನಿಮ್ಮ ಹಾಗೆಯೇ, ಮಳೆಗಾಲ ಮುಗಿದರೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಆಕಾಶ ಒಣ. ಬಹಳ ಕಡೆ ನೆಲದಡಿಯ ನೀರು ಉಪ್ಪು. 1980ರ ದಶಕದಲ್ಲಿ ಸರಕಾರವೂ ಹಳ್ಳಿಯವರೂ ಸೇರಿ ಎರಡು ಸಾವಿರ ಲೀಟರ್ ಹಿಡಿಯುವ ಸಿಮೆಂಟಿನ ದೊಡ್ಡ ಜಾಡಿಗಳನ್ನು ಮನೆಮನೆಯ ಮುಂದೆ ಲಕ್ಷಗಟ್ಟಲೆ ಮಾಡಿಟ್ಟರು. ಸ್ನಾನಕ್ಕಲ್ಲ, ತೋಟಕ್ಕಲ್ಲ. ಕುಡಿಯೋಕೆ.

ಮಾವ: ಎರಡು ಸಾವಿರ ಲೀಟರ್ ಆರು ತಿಂಗಳಿಗೆ ದಿನಕ್ಕೆ ಹನ್ನೊಂದು ಲೀಟರ್. ಕುಡಿಯಲಿಕ್ಕೆ ಸರಿಯಾಯಿತು. ನಮಗೆ ಉಪ್ಪಿನ ತೊಂದರೆ ಇಲ್ಲ, ಅದು ಅಳಿವೆ ಬದಿಯವರಿಗೆ. ನಮ್ಮದು ಬೇರೆ ಕಷ್ಟ. ಏಪ್ರಿಲ್ ಅರ್ಧಕ್ಕೆ ಬಾವಿಯ ತಳ ಕಾಣ್ತದೆ, ಪಂಪು ಹಾಕಿದರೆ ಕೆಸರು. ಬೋರಿನದ್ದು ಕೊಡಪಾನದಲ್ಲಿ ಒಂದು ರಾತ್ರಿ ಇಟ್ಟರೆ ಮೇಲೆ ಕೆಂಪು ಕೆನೆ. ಚಹಾ ಮಾಡಿದರೆ ಕಪ್ಪು.

ಸೊಸೆ: ಕಬ್ಬಿಣದ ಅಂಶ. ಮಳೆನೀರಿನಲ್ಲಿ ಆ ತರಹದ್ದೇನೂ ಇರಲ್ಲ. ಕರಗಿದ ಲವಣವೇ ತುಂಬ ಕಡಿಮೆ. ಸಾಬೂನು ಕೂಡಲೇ ನೊರೆ ಬರುತ್ತೆ, ಬೇಳೆ ಬೇಗ ಬೇಯುತ್ತೆ. ರುಚಿ ಮಾತ್ರ ಸಪ್ಪೆ, ಬಾವಿನೀರು ಕುಡಿದ ನಾಲಿಗೆಗೆ ಮೊದಲ ವಾರ ಹಿಡಿಸೋದಿಲ್ಲ.

ಮಾವ: ಸಪ್ಪೆಯಾದರೆ ಅಡ್ಡಿಯಿಲ್ಲ. ಬೆಕ್ಕು ಮಾಡಿನ ಮೇಲೆ ಮಾಡುವುದನ್ನು ನೀನು ನೋಡಿಲ್ಲ. ಕಾಗೆ, ಮಂಗ, ಹೆಗ್ಗಣ. ಹಂಚಿನ ಮೇಲೆ ಪಾಚಿ. ಸಂದಿನಲ್ಲಿ ತರಗೆಲೆ ಕೊಳೆತಿರ್ತದೆ.

ಸೊಸೆ: ಅದಕ್ಕೇ ಜೂನ್ ತಿಂಗಳ ನೀರನ್ನು ಮುಟ್ಟಬೇಡಿ ಅನ್ನೋದು. ಮಳೆ ಕಡಿಮೆ ಇರೋ ಊರಿನವರು ಮೊದಲ ಮಳೆಯ ಮೊದಲ ಕೊಳೆಯನ್ನಷ್ಟೇ ಬಿಟ್ಟು ಉಳಿದದ್ದನ್ನು ಆಸೆಯಿಂದ ಹಿಡಿದುಕೊಳ್ತಾರೆ, ಪಾಪ. ನಿಮಗೆ ಆ ದರಿದ್ರ ಯಾಕೆ? ಜೂನ್, ಜುಲೈ, ಆಗಸ್ಟ್ ಮೂರು ತಿಂಗಳೂ ಮಾಡನ್ನು ಮಳೆಯೇ ತೊಳೆಯಲಿ. ಆ ನೀರು ಟ್ಯಾಂಕಿಗೆ ಬಂದರೂ ಅಜ್ಜಿಯ ಹಾಗೆ ಪಾತ್ರೆಗೆ ಬಟ್ಟೆಗೆ ಖರ್ಚು ಮಾಡಿ. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟ ಒಂದು ದಿನ ಟ್ಯಾಂಕಿನ ತಳದ ವಾಲ್ವ್ ತೆಗೆದು ಪೂರ್ತಿ ಖಾಲಿ ಮಾಡಿ, ಉಜ್ಜಿ ತೊಳೆಸಿ, ದೋಣಿಯ ಎಲೆ ತೆಗೆಸಿ. ಆಮೇಲೆ ಬೀಳೋ ಮಳೆಯಿಂದ ತುಂಬಿಸಿ. ಪೂರ್ವದ ಇಳಿಜಾರು ಒಂದೇ ನಲವತ್ತು ಚದರ ಮೀಟರ್ ಇದೆ. ಅದರ ಮೇಲೆ 300, 320 ಮಿಲಿಮೀಟರ್ ಬಿದ್ದರೆ ಹತ್ತು ಸಾವಿರ ಲೀಟರ್ ತುಂಬಿತು. ಸೆಪ್ಟೆಂಬರ್, ಅಕ್ಟೋಬರ್ ಎರಡೂ ಸೇರಿದರೆ ನಿಮ್ಮಲ್ಲಿ ಅಷ್ಟು ಬಂದೇ ಬರುತ್ತೆ. ಇಡೀ ಮಾಡಿಗೆ ದೋಣಿ ಕಟ್ಟಿಸೋ ಖರ್ಚೂ ಉಳೀತು.

ಮಾವ: ಇದು ತಲೆಗೆ ಹೋಗ್ತದೆ. ಆದರೆ ಸೆಪ್ಟೆಂಬರಿನಲ್ಲಿಯೂ ನಾಲ್ಕು ದಿನ ಬಿಸಿಲು ಹೊಡೆದು ಮತ್ತೆ ಮಳೆ ಬಂದರೆ ಕಾಗೆ ಬಿಟ್ಟುಹೋದದ್ದೆಲ್ಲ ಒಟ್ಟಿಗೆ ಬರ್ತದಲ್ಲ.

ಸೊಸೆ: ಆಗ ಮೊದಲ ಒಂದು ಮಿಲಿಮೀಟರ್ ಹೊರಗೆ ಬಿಡಬೇಕು. ನಲವತ್ತು ಚದರ ಮೀಟರಿಗೆ ನಲವತ್ತು ಲೀಟರ್. ಅಂಗಡಿಯವರು ಇದಕ್ಕೆ ಅಂತ ಮೊಳದುದ್ದ ಪೈಪಿಗೆ ಮುಚ್ಚಳ ಹಾಕಿ ಮಾರ್ತಾರೆ. ನಾಲ್ಕಿಂಚಿನ ಪೈಪು ಮೀಟರಿಗೆ ಎಂಟು ಲೀಟರ್ ಹಿಡಿಯುತ್ತೆ ಅಷ್ಟೆ. ನಲವತ್ತು ಲೀಟರಿಗೆ ಐದು ಮೀಟರ್ ಪೈಪು ಬೇಕು. ಮೊಳದುದ್ದದ್ದು ಕಣ್ಣೊರೆಸೋ ಕೆಲಸ. ಅದರ ಬದಲು ಒಂದು ಹಳೆಯ ಡ್ರಮ್ ಇಡಿ. ಮೊದಲ ನೀರು ಡ್ರಮ್ಮಿಗೆ, ಅದು ತುಂಬಿದ ಮೇಲೆ ಉಳಿದದ್ದು ತಾನಾಗಿ ಟ್ಯಾಂಕಿನ ದಾರಿ ಹಿಡಿಯುತ್ತೆ. ಡ್ರಮ್ಮಿನ ಬುಡದಲ್ಲಿ ಸಣ್ಣ ತೂತು ಇದ್ದರೆ ನಿಧಾನಕ್ಕೆ ಜಿನುಗಿ ಮುಂದಿನ ಮಳೆಗೆ ಖಾಲಿ. ತೂತು ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳಬೇಕು, ಅದೊಂದು ಉಪದ್ರವ.

ಮಾವ: ಮರಳು, ಇದ್ದಿಲು ಹಾಕಿದ ಫಿಲ್ಟರ್ ಇಡುವುದಿಲ್ಲವಾ? ಪೇಟೆಯಲ್ಲಿ ಒಬ್ಬರ ಮನೆಯಲ್ಲಿ ನೋಡಿದ್ದೇನೆ. ನೀಲಿ ಡ್ರಮ್, ಒಳಗೆ ಪದರ ಪದರ.

ಸೊಸೆ: ಮಳೆಗಾಲದಲ್ಲಿ ನೋಡಿದ್ರಾ, ಬೇಸಿಗೆಯಲ್ಲಿ ನೋಡಿದ್ರಾ?

ಮಾವ: ಬೇಸಿಗೆಯಲ್ಲಿ. ಮದುವೆಗೆ ಹೋಗಿದ್ದಾಗ.

ಸೊಸೆ: ಜುಲೈನಲ್ಲಿ ಹೋಗಿದ್ದರೆ ಅದರ ಬಾಯಿಂದ ನೀರು ಉಕ್ಕಿ ಅಂಗಳಕ್ಕೆ ಹರೀತಿರೋದು ಕಾಣ್ತಿತ್ತು. ಇಲ್ಲಿ ಮಳೆ ರಭಸಕ್ಕೆ ಬಂದಾಗ ಗಂಟೆಗೆ 100 ಮಿಲಿಮೀಟರ್ ಲೆಕ್ಕದಲ್ಲಿ ಸುರಿಯುತ್ತೆ. ಪೂರ್ವದ ಮಾಡಿನಿಂದಲೇ ಗಂಟೆಗೆ ನಾಲ್ಕು ಸಾವಿರ ಲೀಟರ್. ಡ್ರಮ್ಮಿನಷ್ಟು ಅಗಲದ ಮರಳು ಹೊಸದಿದ್ದಾಗಲೂ ಗಂಟೆಗೆ ಸಾವಿರ, ಒಂದೂವರೆ ಸಾವಿರ ಬಿಟ್ಟರೆ ದೊಡ್ಡದು. ಒಂದು ವಾರದಲ್ಲಿ ಪಾಚಿ ಕಟ್ಟಿಕೊಂಡರೆ ಅದೂ ಇಲ್ಲ. ನಿಮ್ಮ ಮಳೆಗೆ ಜಾಲರಿ, ಅದರ ಕೆಳಗೆ ದಪ್ಪ ಜಲ್ಲಿ. ಎಲೆ, ಕಡ್ಡಿ, ಹಂಚಿನ ಪುಡಿ ನಿಂತರೆ ಸಾಕು. ಸಣ್ಣ ಮಣ್ಣು ಟ್ಯಾಂಕಿನ ತಳಕ್ಕೆ ತಾನೇ ಇಳಿಯುತ್ತೆ. ಕ್ರಿಮಿಯನ್ನು ತಡೆಯುತ್ತೆ ಅಂತ ಮರಳಿನ ಡ್ರಮ್ಮನ್ನು ಹೇಗೂ ನಂಬೋ ಹಾಗಿಲ್ಲ. ಕುದಿಸಿ ಕುಡೀಬೇಕು.

ಮಾವ: ಕುದಿಸುವುದು ಇದ್ದದ್ದೇ. ಬಾವಿ ನೀರನ್ನೂ ಕುದಿಸಿಯೇ ಕುಡಿಯುವುದು, ಜೀರಿಗೆ ಹಾಕಿ.

ಸೊಸೆ: ಮತ್ತೆ ಬೆಳಕು ಒಳಗೆ ಹೋಗಬಾರದು. ಕತ್ತಲಿದ್ದರೆ ಪಾಚಿ ಬೆಳೆಯಲ್ಲ. ಸೊಳ್ಳೆಯಂತೂ ನುಗ್ಗಲೇಬಾರದು. ಟ್ಯಾಂಕಿನ ಮುಚ್ಚಳ ಗಟ್ಟಿ ಇಟ್ಟು ಎಲ್ಲರೂ ಓವರ್‌ಫ್ಲೋ ಪೈಪು ಮರೀತಾರೆ. ಅದರ ಬಾಯಿಗೂ, ಗಾಳಿ ಪೈಪಿಗೂ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ಡೆಂಗಿಯ ಸೊಳ್ಳೆಗೆ ಇಂಥ ತಿಳಿನೀರೇ ಇಷ್ಟ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗೋಕೆ ಅದಕ್ಕೆ ಒಂದು ವಾರ ಹತ್ತು ದಿನ ಸಾಕು. ಪೇಟೆಯ ಮಲೇರಿಯಾ ಸೊಳ್ಳೆಯೂ ಟ್ಯಾಂಕು ಬಿಡೋದಿಲ್ಲ.

ಮಾವ: ಮಂಗಳೂರಿನ ಬದಿಯವರಿಗೆ ಮಲೇರಿಯಾ ಕಲಿಸಬೇಡ. ಅದು ಇರಲಿ, ಕುಡಿಯುವ ನೀರಿಗೆ ಟ್ಯಾಂಕು ಆಯಿತು. ಉಳಿದ ನಾಲ್ಕು ಲಕ್ಷ ಚಿಲ್ಲರೆ ಲೀಟರ್? ಅದನ್ನು ಬಾವಿಗೆ ಬಿಡಬೇಕು ಅಂತ ನನ್ನ ಮನಸ್ಸು. ಅಲ್ಲಿ ಕೇರಳದ ತೃಶೂರಿನಲ್ಲಿ ಜಿಲ್ಲಾಡಳಿತವೇ ಮಾಡಿನ ನೀರನ್ನು ತೆರೆದ ಬಾವಿಗೆ ಬಿಡಿಸುವ ಕೆಲಸ ಹಿಡಿದದ್ದು ಉಂಟಲ್ಲ.

ಸೊಸೆ: ಮಳಪೊಲಿಮ, 2008ರಲ್ಲಿ ಶುರುವಾದದ್ದು. ಅಲ್ಲಿಯ ಅನುಭವ ಒಳ್ಳೇದೇ. ನಮ್ಮ ಕರಾವಳಿಯಲ್ಲಿ ಶ್ರೀ ಪಡ್ರೆ ಅವರು ವರ್ಷಗಟ್ಟಲೆ ಊರೂರು ತಿರುಗಿ, ಚಿತ್ರ ತೋರಿಸಿ, ಬರೆದು ಹೇಳಿದ್ದರಲ್ಲಿ ಇದೂ ಒಂದು. ಆದರೆ ನಿಮ್ಮ ಬಾವಿ ಜುಲೈ ತಿಂಗಳಲ್ಲಿ ಹೇಗಿರುತ್ತೆ?

ಮಾವ: ತುಂಬಿ ಹೊರಗೆ ಹರೀತದೆ.

ಸೊಸೆ: ಆಗ ಅದಕ್ಕೆ ಮಾಡಿನ ನೀರು ಬಿಡೋದು ಕೈ ತೊಳೆದು ಎದ್ದವನ ಎಲೆಗೆ ಪಾಯಸ ಬಡಿಸಿದ ಹಾಗೆ. ಮುರಕಲ್ಲಿನ ನೆಲ ನಮ್ಮದು. ನೀರು ಬೇಗ ಇಳಿಯುತ್ತೆ, ಅಷ್ಟೇ ಬೇಗ ಬದಿಯಿಂದ ಒಸರಾಗಿ ತೋಡಿಗೆ, ಹೊಳೆಗೆ, ಕಡಲಿಗೆ. ಬಾವಿಯ ಹತ್ತಿರ ಇಂಗಿಸಿದ್ದು ಬಾವಿಯ ಕೆಳಗೇ ಕಾದು ಕೂತಿರೋದಿಲ್ಲ. ಪೇಟೆಯಲ್ಲಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ಬಾವಿಗೆ ಸುತ್ತಲ ನೀರೇ ಇಳಿಯದ ಮನೆ ಆದರೆ ಮಾತು ಬೇರೆ. ಅಲ್ಲಿ ಮಾಡಿನ ನೀರು ಬಾವಿಗೆ ಬಿಟ್ಟರೆ ಖಂಡಿತ ಗುಣ ಕಾಣುತ್ತೆ. ಕಡಲ ಬದಿಯ ಬಾವಿಯಲ್ಲಿ ಉಪ್ಪು ಇಳಿಯುತ್ತೆ. ನಿಮಗೆ ಲಾಭ ಬೇಕು ಅಂದರೆ ನೀರನ್ನು ನಿಧಾನ ಮಾಡಬೇಕು. ಬಾವಿಯಲ್ಲಲ್ಲ, ಮೇಲೆ, ಗುಡ್ಡೆಯಲ್ಲಿ.

ಮಾವ: ಗೇರುಗುಡ್ಡೆಯಲ್ಲಿ ಇಂಗುಗುಂಡಿ. ಅಲ್ಲಿ ಇಳಿದ ನೀರು ಇಲ್ಲಿಗೆ ಬರಲಿಕ್ಕೆ ತಿಂಗಳುಗಟ್ಟಲೆ ಹಿಡಿದರೆ ಅದೇ ನಮ್ಮ ಟ್ಯಾಂಕು. ಗುಡ್ಡೆ ಹೊಟ್ಟೆಯಲ್ಲಿ ನೀರು ಉಂಟು ಅಂತ ಹಳಬರಿಗೆ ಗೊತ್ತಿತ್ತು, ಇಲ್ಲದಿದ್ದರೆ ಸುರಂಗ ಯಾಕೆ ಕೊರೀತಿದ್ದರು? ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡೆಯಲ್ಲಿ ಸುರಂಗ ಕೊರೆದು, ಒಂದರ ಮೇಲೊಂದು ಒಣಗಿ ಬಂದರೂ ಬಿಡದೆ ಕೊನೆಗೆ ನೀರು ಕಂಡರು. ಬೋಳುಗುಡ್ಡೆ ಅಡಿಕೆ ತೋಟ ಆಯಿತು. 2022ರಲ್ಲಿ ಪದ್ಮಶ್ರೀ ಕೊಟ್ಟರು. ಅವರ ನೀರಿಗೆ ಕರೆಂಟು ಬೇಡ, ತಾನೇ ಇಳಿದು ಬರ್ತದೆ.

ಸೊಸೆ: ಒಂದು ಎಚ್ಚರಿಕೆ ಮಾತ್ರ. ಗುಡ್ಡೆ ಕಡಿದು ಮನೆ ಕಟ್ಟಿದ ಜಾಗದಲ್ಲಿ, ಹಿಂದೆ ಮಣ್ಣಿನ ಧರೆ ನೇರ ನಿಂತಿದ್ದರೆ, ಅದರ ತಲೆ ಮೇಲೆ ಇಂಗುಗುಂಡಿ ಮಾಡಬಾರದು. ನೀರು ಕುಡಿದ ಮಣ್ಣು ಭಾರವಾಗಿ ಕೂತುಬಿಡುತ್ತೆ. ನಿಮ್ಮ ಗೇರುಗುಡ್ಡೆ ಮೆಟ್ಟಿಲು ಮೆಟ್ಟಿಲಾಗಿದೆ, ಮನೆಯಿಂದ ದೂರ ಇದೆ, ತೊಂದರೆ ಇಲ್ಲ. ಎಲ್ಲ ಕಡೆ ಗುಂಡಿ ತೋಡಿ ಅಂತ ಭಾಷಣ ಮಾಡೋರು ಇದನ್ನು ಹೇಳೋದೇ ಇಲ್ಲ.

ಮಾವ: ಭಾಷಣದವರಿಗೆ ಧರೆ ಕುಸಿದರೆ ಎಂತ, ಮೈಕ್ ತಕ್ಕೊಂಡು ಹೋಗ್ತಾರೆ. ನನಗೆ ಒಂದು ಬೇಸರ ಉಂಟು. 2019ರ ಮೇ ತಿಂಗಳಲ್ಲಿ ಮಂಗಳೂರಿಗೇ ನೀರು ಸರದಿಯ ಮೇಲೆ ಬಿಟ್ಟರು. ತುಂಬೆಯ ಕಟ್ಟದಲ್ಲಿ ನೀರು ತಳ ಹಿಡಿದಿತ್ತು. ನಾಲ್ಕು ಸಾವಿರ ಮಿಲಿಮೀಟರಿನ ಊರು! ಅಲ್ಲಿ ಹೊಸ ಫ್ಲಾಟಿನವರು ಇದ್ದ ಬಾವಿ ಮುಚ್ಚಿ ಕಾರು ನಿಲ್ಲಿಸ್ತಾರೆ. ಅವರಿಗೆ ಎಂತ ಹೇಳುವುದು?

ಸೊಸೆ: ಬಾವಿ ಮುಚ್ಚಬೇಡಿ ಅಂತ. ಫ್ಲಾಟಿನ ತಾರಸಿ ದೊಡ್ಡದು, ಆದರೆ ಕೆಳಗಿರೋ ತಲೆಗಳೂ ಅಷ್ಟೇ ಹೆಚ್ಚು. ಹತ್ತು ಅಂತಸ್ತಿನ ಜನರಿಗೆ ಒಂದು ತಾರಸಿಯ ಮಳೆ ಯಾವ ಊರಿನಲ್ಲೂ ಸಾಲದು. ಬಾವಿ ಒಂದಿದ್ದರೆ ಇಡೀ ಬಡಾವಣೆಯ ನೆಲ ಅವರಿಗೆ ಟ್ಯಾಂಕು. ಮಳೆಕೊಯ್ಲು ನಿಜವಾಗಿ ಹೊಂದೋದು ಒಂದು, ಎರಡು ಅಂತಸ್ತಿನ ಮನೆಗೆ.

ಮಾವ: ನಮ್ಮಂಥದಕ್ಕೆ.

ಸೊಸೆ: ನಿಮ್ಮಂಥದಕ್ಕೆ. ಪೂರ್ವದ ಬದಿ ನೋಡಿದೆ. ಮಾಡಿನ ಅಂಚು ನೆಲದಿಂದ ಎಂಟಡಿ. ಟ್ಯಾಂಕಿನ ಎತ್ತರ ಎರಡು ಮೀಟರ್, ಅಂದರೆ ಆರೂವರೆ ಅಡಿ. ದೋಣಿಗೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಕೊಟ್ಟು, ಮೇಲೆ ಜಾಲರಿಯ ಪೆಟ್ಟಿಗೆ ಇಟ್ಟರೂ ಸರಿಹೋಗುತ್ತೆ. ದೋಣಿಗೆ ಆರಿಂಚಿನ ಪಿವಿಸಿ ಪೈಪು ಉದ್ದಕ್ಕೆ ಸೀಳಿದರೆ ಸಾಕು. ಹಂಚಿನಿಂದ ಧುಮುಕೋ ನೀರು ದೋಣಿ ದಾಟಿ ಹಾರದ ಹಾಗೆ ಹೊರ ಅಂಚಿಗೆ ಒಂದು ತಗಡಿನ ಪಟ್ಟಿ ಎತ್ತರಿಸಿ ಕಟ್ಟಬೇಕು.

ಮಾವ: ಅಡಿಕೆ ದಂಬೆ ಕಟ್ಟಿದರೆ?

ಸೊಸೆ: ಚೆನ್ನಾಗಿ ಕಾಣುತ್ತೆ. ಎರಡು ವರ್ಷಕ್ಕೆ ಕೊಳೆತು ಅದರ ಪುಡಿಯೆಲ್ಲ ಟ್ಯಾಂಕಿಗೆ. ಬಟ್ಟೆ ಒಗೆಯೋ ನೀರಿಗಾದರೆ ಕಟ್ಟಿ. ಹೊಸ ಸಿಮೆಂಟು ಟ್ಯಾಂಕಿನ ಮೊದಲ ಒಂದೆರಡು ಸಲದ ನೀರಿಗೆ ಸುಣ್ಣದ ರುಚಿ ಬರುತ್ತೆ, ಅದನ್ನು ಗಿಡಕ್ಕೆ ಬಿಟ್ಟುಬಿಡಿ. ನಲ್ಲಿ ಟ್ಯಾಂಕಿನ ತಳಕ್ಕಿಂತ ನಾಲ್ಕು ಬೆರಳು ಮೇಲಿರಲಿ, ಕೆಳಗಿನ ಮಣ್ಣು ಬರಬಾರದು. ಟ್ಯಾಂಕನ್ನೇ ಕಲ್ಲಿನ ಕಟ್ಟೆ ಮೇಲೆ ಕೂರಿಸಿದರೆ ಕೊಡಪಾನ ಕೆಳಗೆ ಹಿಡಿಸುತ್ತೆ.

ಮಾವ: ಕಟ್ಟೆ ಎತ್ತರಿಸಿದರೆ ಟ್ಯಾಂಕಿನ ತಲೆ ಮಾಡಿಗೆ ಹೊಡೀತದೆ.

ಸೊಸೆ: ಹೌದಲ್ಲ. ಹಾಗಿದ್ದರೆ ಟ್ಯಾಂಕನ್ನು ಸ್ವಲ್ಪ ಗಿಡ್ಡ ಮಾಡಿ ಅಗಲ ಹೆಚ್ಚಿಸೋಣ. ಅಥವಾ ನಲ್ಲಿಯ ಎದುರು ಕೊಡಪಾನ ಇಳಿಸೋಷ್ಟು ಒಂದು ಗುಳಿ ತೆಗೆದು ಕಲ್ಲು ಹಾಸಿ.

ಮಾವ: ನಿನ್ನ ಅತ್ತೆಗೆ ಸೊಂಟನೋವು. ಗುಳಿಗೆ ಬಗ್ಗಿ ಕೊಡಪಾನ ಎತ್ತುವುದು ಆಗುವ ಮಾತಲ್ಲ. ಮತ್ತೆ ಪೂರ್ವದ ಬದಿಯಿಂದ ಅಡುಗೆಮನೆಗೆ ಇಡೀ ಅಂಗಳ ಸುತ್ತಿ ಬರಬೇಕು. ಟ್ಯಾಂಕು ಉತ್ತರಕ್ಕೆ ಇರಲಿ ಅಂತ ಅವಳು ಈಗಾಗಲೇ ಹೇಳಿಯಾಗಿದೆ.

ಸೊಸೆ: ಉತ್ತರದ ಮಾಡಿನ ಮೇಲೆ ಹಲಸಿನ ಮರ ಇದೆಯಲ್ಲ ಮಾವ. ವರ್ಷವಿಡೀ ಎಲೆ, ಬಾವಲಿ ಬೇರೆ. ಆ ಕೊಂಬೆ ಕಡಿಸಿದರೆ ಮಾತ್ರ.

ಮಾವ: ಅದು ಬಕ್ಕೆ ಹಲಸು. ಅವಳ ಹಪ್ಪಳದ ಮರ. ಕೊಂಬೆಯ ವಿಷಯ ನೀನೇ ಅವಳ ಹತ್ತಿರ ಮಾತಾಡು, ನಾನು ತೋಟಕ್ಕೆ ಹೋಗಿ ಬರ್ತೇನೆ.

ಸೊಸೆ: ಬೇಡ, ಕೂತ್ಕೊಳ್ಳಿ. ಟ್ಯಾಂಕು ಪೂರ್ವಕ್ಕೇ ಇರಲಿ, ಅಲ್ಲಿಂದ ಗೋಡೆಗುಂಟ ಮುಕ್ಕಾಲು ಇಂಚಿನ ಪೈಪು ಎಳೆದು ಅಡುಗೆಮನೆಯ ಒಳಗೇ ನಲ್ಲಿ ಕೊಡೋಣ. ಅಡುಗೆಮನೆಯ ನೆಲ ಅಂಗಳಕ್ಕಿಂತ ಎಷ್ಟು ಎತ್ತರ? ಟೇಪು ಎಲ್ಲಿದೆ?

ಮಾವ: ಟೇಪು ಹಟ್ಟಿಯ ಅಟ್ಟದಲ್ಲಿ ಉಂಟು. ನೆಲ ಎರಡಡಿ ಎತ್ತರ, ನಲ್ಲಿ ಅದರ ಮೇಲೆ ಇನ್ನು ಮೂರಡಿ. ಟ್ಯಾಂಕು ಮುಕ್ಕಾಲಿಗಿಂತ ಕೆಳಗಿಳಿದರೆ ನೀರು ಬರುವುದಿಲ್ಲ.

ಸೊಸೆ: ಹಾಗಾದರೆ ಒಂದು ಕೈಪಂಪು. ಅತ್ತೆಗೆ ಕೈಪಂಪು ಆದೀತಾ ಕೇಳಿ ಬನ್ನಿ, ನಾನು ಟೇಪು ತರ್ತೀನಿ.